ಕಾಫಿನಿಷ್ಠರ ಮಡಿ

ಕಾಫಿ ಕುಡಿಯುವವರು ಬೇರೆ, ಕಾಫಿನಿಷ್ಠರು ಬೇರೆ. ಮೊದಲನೆಯವರಿಗೆ ಬೆಳಗ್ಗೆ ಲೋಟ ಕೈಗೆ ಸಿಕ್ಕರೆ ಸಾಕು, ಪೇಪರು ಬಿಡಿಸಿಕೊಂಡು ಕೂತುಬಿಡುತ್ತಾರೆ. ಎರಡನೆಯವರು ಮುಖ ತೊಳೆದವರೇ ತಕ್ಕಡಿ ಮುಂದೆ ನಿಲ್ಲುತ್ತಾರೆ. ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಮಹಡಿಗೊಬ್ಬರಾದರೂ ಇಂಥವರು ಸಿಗುತ್ತಾರೆ. ಈಗ ಮೈಸೂರು, ಹುಬ್ಬಳ್ಳಿಗೂ ಹಬ್ಬಿದ್ದಾರೆ. ವಯಸ್ಸು ನಲವತ್ತರ ಆಚೀಚೆ, ಕೆಲಸ ಸಾಮಾನ್ಯವಾಗಿ ಸಾಫ್ಟ್‌ವೇರು. ನಾನು ಹೇಳಹೊರಟಿರುವವರು ನಮ್ಮ ಮೇಲಿನ ಮಹಡಿಯವರು. ಹೆಸರು ಬೇಡ, ಕಾಫಿನಿಷ್ಠರು ಎಂದರೆ ಸಾಕು. ಹೇಗೂ ನಿಮ್ಮ ಮೇಲಿನ ಮಹಡಿಯಲ್ಲೂ ಒಬ್ಬರಿದ್ದಾರೆ.

ಇವರು ಸಂಧ್ಯಾವಂದನೆ ಬಿಟ್ಟು ಎಷ್ಟೋ ವರ್ಷವಾಯಿತು. ಮಡಿ ಮೈಲಿಗೆ ಎಂದರೆ ನಗುತ್ತಾರೆ. ಆದರೆ ಅವರ ಅಡುಗೆಮನೆಯ ಮೂಲೆಯಲ್ಲಿರುವ ಆ ಗ್ರಾನೈಟ್ ಕಟ್ಟೆಯ ಹತ್ತಿರ ಹೋಗಿ ನೋಡಿ. ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟಕೂಡದು. ಒಗ್ಗರಣೆಯ ಹೊಗೆ ಬೀಜದ ಡಬ್ಬಿಯ ಕಡೆ ಸುಳಿಯಕೂಡದು. ಕಾಗದದ ಫಿಲ್ಟರಿಗೆ ಮೊದಲು ಬಿಸಿನೀರಿನ ಸ್ನಾನವಾಗಬೇಕು, ಆ ನೀರನ್ನು ಚೆಲ್ಲಬೇಕು. ಕೆಲಸದಾಕೆ ಆ ಕಟ್ಟೆ ಒರೆಸಲು ಹೋದರೆ ಒಳಗಿನ ಕೋಣೆಯ ಮೀಟಿಂಗಿನಿಂದಲೇ ಕೂಗು ಬರುತ್ತದೆ. ಅವರ ಅಜ್ಜಿಯ ಜೊತೆಗೇ ಮನೆ ಬಿಟ್ಟುಹೋಗಿದ್ದ ಮಡಿ ಹಿತ್ತಲ ಬಾಗಿಲಿಂದ ವಾಪಸು ಬಂದಿದೆ.

ಅರ್ಚಕರು ಗೋತ್ರ ಕೇಳಿದರೆ ಕಾಫಿನಿಷ್ಠರು ಹೆಂಡತಿಯ ಮುಖ ನೋಡುತ್ತಾರೆ. ಎಸ್.795ರ ವಂಶಾವಳಿ ಮಾತ್ರ ಬಾಯಿಪಾಠ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ತಳಿ ಅದು. ಒಂದು ಕಡೆಯಿಂದ ಕೆಂಟ್, ಇನ್ನೊಂದು ಕಡೆಯಿಂದ ಎಸ್.288. ಆ ಎಸ್.288ರ ಪೂರ್ವಜರಲ್ಲಿ ಲೈಬೀರಿಕಾ ಎಂಬ ಬೇರೊಂದು ಜಾತಿಯ ಕಾಫಿ ಬೆರೆತಿದೆ. ಎಲೆತುಕ್ಕು ರೋಗಕ್ಕೆ ಬಗ್ಗದ ಗಿಡ ಬೇಕೆಂದು ಕೂಡಿಸಿದ ಸಂಬಂಧ. ಲೈಬೀರಿಕಾದ ಮಾತು ಬಂದಾಗ ದನಿ ತಗ್ಗಿಸುತ್ತಾರೆ, ಬೀಗರ ಮನೆಯ ಗುಟ್ಟು ಹೇಳುವವರ ಹಾಗೆ.

ಇಷ್ಟಾದ ಮೇಲೆ ಬಾಬಾ ಬುಡನ್ ಬರಲೇಬೇಕು. ಯೆಮೆನ್ನಿನ ಮೋಖಾದಿಂದ ಏಳು ಬೀಜ ಬಚ್ಚಿಟ್ಟುಕೊಂಡು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಐತಿಹ್ಯ ನಮಗೆಲ್ಲ ಶಾಲೆಯಿಂದಲೇ ಗೊತ್ತು. ಕಾಫಿನಿಷ್ಠರು ಅದಕ್ಕೊಂದು ಭಾಷ್ಯ ಬರೆದಿದ್ದಾರೆ. ಏಳು ಬೀಜ ಅವರ ತಕ್ಕಡಿಯಲ್ಲಿ ಹೆಚ್ಚುಕಡಿಮೆ ಒಂದು ಗ್ರಾಂ ತೂಗುತ್ತದೆ. ಅವರ ಒಂದು ಕಪ್ಪಿಗೆ ಬೇಕಾದದ್ದು 15 ಗ್ರಾಂ. "ಅಂದ್ರೆ ಇಡೀ ಕರ್ನಾಟಕದ ಕಾಫಿ ಶುರುವಾಗಿದ್ದು ಒಂದು ಗುಟುಕಿಂದ!" ಎಂದು ಅವರು ಕಣ್ಣರಳಿಸುವ ಹೊತ್ತಿಗೆ ಎದುರಿಗೆ ಕೂತವನಿಗೆ ಆ ಒಂದು ಗುಟುಕೂ ಇನ್ನೂ ಸಿಕ್ಕಿರುವುದಿಲ್ಲ.

ಅವರು ಹೇಳುವುದರಲ್ಲಿ ಹುರುಳಿಲ್ಲದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ತಾಪತ್ರಯವೆಂದರೆ, ಅವರು ಹೇಳುವುದು ಸರಿ. ಹುರಿದ ಬೀಜದೊಳಗೆ ತುಂಬಿಕೊಂಡ ಇಂಗಾಲದ ಡೈಆಕ್ಸೈಡು ದಿನದಿನಕ್ಕೆ ಹೊರಬೀಳುತ್ತದೆ, ಜೊತೆಗೆ ಘಮವೂ ಹೊರಡುತ್ತದೆ. ಇಡೀ ಬೀಜವಾದರೆ ಕೆಲವು ವಾರ ತಡೆದೀತು; ಪುಡಿಯಾದರೆ ಮೈಯೆಲ್ಲ ಗಾಳಿಗೆ ತೆರೆದುಕೊಂಡು ಕೆಲವೇ ದಿನಕ್ಕೆ ಸಪ್ಪೆ. ಹೊಸದಾಗಿ ಹುರಿದು ಆಗಷ್ಟೇ ಪುಡಿ ಮಾಡಿದ್ದಕ್ಕೆ ಬಿಸಿನೀರು ತಗುಲಿದರೆ ಅದು ಉಬ್ಬಿ, ಗುಳ್ಳೆಯೆದ್ದು, ಮತ್ತೆ ಇಳಿಯುತ್ತದೆ. ಆ ಅರ್ಧ ನಿಮಿಷ ಅವರ ಮನೆಯಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಬೀಜದ ಪ್ಯಾಕೆಟ್ಟಿನ ಮೇಲೆ ಹುರಿದ ತಾರೀಖು ಇಲ್ಲದಿದ್ದರೆ ಮುಟ್ಟುವುದಿಲ್ಲ. ನಿನ್ನೆಯಷ್ಟೇ ಹುರಿದದ್ದಾದರೂ ಮುಟ್ಟುವುದಿಲ್ಲ, ಒಂದು ವಾರ ವಿಶ್ರಾಂತಿ ಕೊಡುತ್ತಾರೆ. ಬಾಣಂತನ ಅನ್ನುತ್ತಾರೆ ಅವರ ತಾಯಿ.

ಮಿಕ್ಸಿಯ ವಿಷಯದಲ್ಲೂ ಅವರದ್ದೇ ಸರಿ. ಮಿಕ್ಸಿಯ ಬ್ಲೇಡು ಬೀಜವನ್ನು ಅರೆಯುವುದಿಲ್ಲ, ಸಿಕ್ಕಸಿಕ್ಕಲ್ಲಿ ಕೊಚ್ಚುತ್ತದೆ. ಅರ್ಧ ಧೂಳು, ಅರ್ಧ ನುಚ್ಚು. ಧೂಳಿನಿಂದ ಕಹಿ ಬಿಡುತ್ತದೆ, ನುಚ್ಚಿನೊಳಗಿನ ರುಚಿ ಒಳಗೇ ಉಳಿದು ಹುಳಿ ಬರುತ್ತದೆ. ಎರಡೂ ಒಂದೇ ಲೋಟದಲ್ಲಿ. ಮೇಲಾಗಿ ನಮ್ಮ ಮಿಕ್ಸಿಗಳಿಗೆ ಸಾರಿನಪುಡಿಯ ನೆನಪು ಬಹಳ. ಆದ್ದರಿಂದ ಎರಡು ಹಲ್ಲುಚಕ್ರಗಳ ನಡುವೆ ಬೀಜವನ್ನು ಸಮನಾಗಿ ಅರೆಯುವ ಬರ್ ಗ್ರೈಂಡರ್ ಬೇಕು. ಅವರು ಕೈಯಲ್ಲಿ ತಿರುಗಿಸುವ ವಿದೇಶಿ ಗ್ರೈಂಡರ್ ತರಿಸಿಕೊಂಡರು. ಆ ದುಡ್ಡಿಗೆ ಒಂದು ಫ್ರಿಜ್ ಬರುತ್ತಿತ್ತು ಎಂಬುದು ಹೆಂಡತಿಯ ಲೆಕ್ಕ.

ತಾಯಿಯ ಲೆಕ್ಕ ಬೇರೆ. "ನಮ್ಮತ್ತೆ ಮನೇಲಿ ಹಸೀ ಬೀಜ ತಂದು ವಾರಕ್ಕೊಂದ್ಸಲ ಕೆಂಡದ ಮೇಲೆ ಹುರೀತಿದ್ರು. ಮೇಜಿಗೆ ಸ್ಕ್ರೂ ಹಾಕಿ ಕೂರಿಸೋ ಕಾಫಿ ಮಿಷನ್ನಿತ್ತು, ಬೆಳಗಾಗೆದ್ದು ಒಂದು ಮಗು ಹ್ಯಾಂಡಲ್ ತಿರುಗಿಸಬೇಕಿತ್ತು. ಆ ಮಿಷನ್ನು ಹಳೇಮನೆ ಅಟ್ಟದ ಮೇಲೇ ಇತ್ತು ಕಣೋ. ಮನೆ ಮಾರುವಾಗ ಗುಜರಿಯವನಿಗೆ ಕೊಟ್ಟೋನು ನೀನೇ." ಕಾಫಿನಿಷ್ಠರು ಇದಕ್ಕೆ ಉತ್ತರ ಕೊಡುವುದಿಲ್ಲ. ಹ್ಯಾಂಡಲ್ ತಿರುಗಿಸುತ್ತಾರೆ, ಸದ್ದಿನಲ್ಲಿ ಮಾತು ಮುಳುಗುತ್ತದೆ.

ಗ್ರೈಂಡರಿನ ಹಿಂದೆಯೇ ಕೊಕ್ಕರೆ ಕತ್ತಿನ ಕೆಟಲ್ ಬಂತು, ಅದರ ಹಿಂದೆ ಥರ್ಮಾಮೀಟರು. ನೀರು ಕುದಿಯುತ್ತಿದೆ, ಮುಳ್ಳು ಮಾತ್ರ 97 ಡಿಗ್ರಿ ದಾಟುವುದಿಲ್ಲ. ಕೆಟ್ಟ ಮಾಲು ಎಂದು ವಾಪಸು ಮಾಡಿದರು. ಬದಲಿಗೆ ಬಂದದ್ದೂ 97ಕ್ಕೇ ನಿಂತಿತು. ಕೊನೆಗೆ ಎಂಟನೇ ಕ್ಲಾಸಿನ ಮಗಳು ಹೇಳಬೇಕಾಯಿತು: "ಅಪ್ಪಾ, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯೋದೇ ಅಷ್ಟಕ್ಕೆ." ಕಾಫಿಗೆ 90ರಿಂದ 96 ಡಿಗ್ರಿ ಸಾಕೆಂದು ಅವರ ಶಾಸ್ತ್ರವೇ ಹೇಳುವುದರಿಂದ ನಷ್ಟವೇನೂ ಆಗಲಿಲ್ಲ. ಆದರೂ ಊರಿನ ಬಗ್ಗೆ ಒಂದು ಸಣ್ಣ ಅಸಮಾಧಾನ ಅವರಲ್ಲಿ ಉಳಿದುಕೊಂಡಿದೆ.

ಇದೆಲ್ಲ ಮನೆಯೊಳಗಿನ ಮಾತು. ಕಾಫಿನಿಷ್ಠರ ನಿಜವಾದ ಪರೀಕ್ಷೆ ನೆಂಟರು ಬಂದಾಗ. ಅದರಲ್ಲೂ ಮದುವೆ ಕಾಗದ ಹಂಚುವವರು ಬಂದಾಗ. ಅವರ ಪಾಡು ನಿಮಗೆ ಗೊತ್ತೇ ಇದೆ. ಕೆಳಗೆ ಆಟೋ ಕಾಯುತ್ತಿರುತ್ತದೆ. ಬನಶಂಕರಿ ಮುಗಿಸಿ ರಾಜಾಜಿನಗರ, ಅಲ್ಲಿಂದ ಕತ್ತಲಾಗುವುದರೊಳಗೆ ಯಲಹಂಕ. ಹೀಗೆ ಒಂದು ಭಾನುವಾರ ಚಿಕ್ಕಪ್ಪ, ಚಿಕ್ಕಮ್ಮ, ಚಿಕ್ಕಮ್ಮನ ತಂಗಿ ಬಂದರು. ಲಿಫ್ಟಿನಲ್ಲಿ ಸಿಕ್ಕ ತಪ್ಪಿಗೆ ನನ್ನನ್ನೂ ಎಳೆದುಕೊಂಡು ಹೋದರು.

ಅಕ್ಷತೆ, ಕುಂಕುಮ ಆದ ಮೇಲೆ ಚಿಕ್ಕಪ್ಪ ಅಂದರು: "ಏನೂ ಬೇಡಪ್ಪ. ಅರ್ಧರ್ಧ ಲೋಟ ಕಾಫಿ ಕೊಟ್ಟುಬಿಡು, ಹೊರಡ್ತೀವಿ."

"ನ್ಯಾಚುರಲ್ ತಗೋತೀರೋ, ವಾಶ್ಡ್ ತಗೋತೀರೋ?"

"ಲೋಟ ತೊಳೆದಿದ್ರೆ ಸಾಕಪ್ಪ."

ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದರೆ ನ್ಯಾಚುರಲ್, ಸಿಪ್ಪೆ ಸುಲಿದು ಅಂಟು ತೊಳೆದು ಒಣಗಿಸಿದರೆ ವಾಶ್ಡ್, ಮಲೆನಾಡಿನವರು ಚೆರಿ, ಪಾರ್ಚ್‌ಮೆಂಟ್ ಎನ್ನುವುದು ಇದನ್ನೇ ಎಂದು ಅವರು ವಿವರಿಸುತ್ತಿದ್ದಾಗ ಕೆಳಗಿನಿಂದ ಆಟೋ ಹಾರ್ನು ಕೇಳಿಸಿತು. ಅವರು ಬೀಜ ತೂಗಿದರು. ಬೀಜದ ಮೇಲೆ ಒಂದು ಹನಿ ನೀರು ಸಿಂಪಡಿಸಿದರು. ಇಲ್ಲದಿದ್ದರೆ ಪುಡಿಗೆ ವಿದ್ಯುತ್ತು ಹಿಡಿದು ಗ್ರೈಂಡರಿಗೇ ಅಂಟಿಕೊಳ್ಳುತ್ತದಂತೆ. "ಪ್ರೋಕ್ಷಣೆನೂ ಉಂಟಾ?" ಎಂದು ಚಿಕ್ಕಮ್ಮ ನನ್ನ ಕಿವಿಯಲ್ಲಿ ಕೇಳಿದರು. ಪುಡಿಯಾಯಿತು. ಕಾಗದಕ್ಕೆ ಸ್ನಾನವಾಯಿತು. ನೀರು ಸುತ್ತಿ ಸುತ್ತಿ ಬಿದ್ದಿತು. ಈ ವಿಧಾನದಲ್ಲಿ ಒಂದು ಸಲಕ್ಕೆ ಒಂದೇ ಕಪ್ಪು, ಒಂದೊಂದಕ್ಕೂ ಐದು ನಿಮಿಷ. ನಾವು ನಾಲ್ಕು ಜನ. ಚಿಕ್ಕಪ್ಪ ಗಡಿಯಾರ ನೋಡಿಕೊಂಡರು. ಯಲಹಂಕ ಕೈಬಿಟ್ಟುಹೋಗುತ್ತಿರುವುದು ಅವರ ಮುಖದಲ್ಲಿ ಕಂಡಿತು.

ಮೊದಲ ಕಪ್ಪು ಬಂತು. ಕೆಂಪುಛಾಯೆಯ ತಿಳಿನೀರು.

"ಹಾಲು?"

"ಬೇಡ ಚಿಕ್ಕಪ್ಪ, ಮೊದಲು ಹಾಗೇ ಒಂದು ಗುಟುಕು ತಗೊಳ್ಳಿ. ಕಿತ್ತಳೆ ಸಿಪ್ಪೆ ಬರುತ್ತೆ. ಆಮೇಲೆ ಬೆಲ್ಲ. ಕೊನೇಲಿ ಒಣದ್ರಾಕ್ಷಿ."

ಚಿಕ್ಕಪ್ಪ ಕಪ್ಪಿನ ತಳ ನೋಡಿದರು. "ಯಾಕಪ್ಪ, ಸೋಸಲಿಲ್ವಾ?"

ಆಮೇಲೆ ಸಕ್ಕರೆ ಕೇಳಿದರು. ಆ ಮನೆಯಲ್ಲಿ ಅಂಥ ನಿಶ್ಶಬ್ದವನ್ನು ನಾನು ಹಿಂದೆ ಕೇಳಿರಲಿಲ್ಲ. ಅಷ್ಟರಲ್ಲಿ ತಾಯಿ ಒಳಗಿನಿಂದ ತಟ್ಟೆಯಲ್ಲಿ ಸ್ಟೀಲ್ ಲೋಟಗಳನ್ನಿಟ್ಟುಕೊಂಡು ಬಂದರು. ಹಿತ್ತಾಳೆ ಫಿಲ್ಟರಿನಲ್ಲಿ ಬೆಳಗ್ಗೆಯೇ ಇಳಿದಿದ್ದ ಗಟ್ಟಿ ಡಿಕಾಕ್ಷನ್, ಉಕ್ಕಿದ ಹಾಲು, ಮೇಲೆ ಬೆರಳುದ್ದ ನೊರೆ. ಮೂವರೂ ನಿಂತಲ್ಲೇ ಕುಡಿದು, ಲೋಟ ಕೆಳಗಿಟ್ಟು, "ಮದುವೆಗೆ ಹಿಂದಿನ ದಿನವೇ ಬಂದುಬಿಡಿ" ಎಂದು ಓಡಿದರು. ನಾನು ಉಳಿದೆ. ಕಿತ್ತಳೆ ಸಿಪ್ಪೆಯ ಕಪ್ಪು ನನ್ನ ಪಾಲಿಗೆ ಬಂತು. ಕುಡಿದರೆ, ಕಿತ್ತಳೆ ಬಂತು. ಸುಳ್ಳು ಹೇಳಲಾರೆ. ಬೆಲ್ಲ ಮಾತ್ರ ಹುಡುಕಿದರೂ ಸಿಗಲಿಲ್ಲ.

ಬೆಲ್ಲ ಅವರಿಗೆ ಸಿಕ್ಕಿದ್ದು ಮೂಡಿಗೆರೆಯ ಕಡೆ. ಹೆಂಡತಿಯ ದೊಡ್ಡಪ್ಪನ ಮಗ ಅಲ್ಲಿ ತೋಟಗಾರ. ಕಾಫಿನಿಷ್ಠರು ಆ ತೋಟಕ್ಕೆ ಹೊರಟದ್ದು ಯಾತ್ರೆಯ ಭಕ್ತಿಯಲ್ಲಿ. ಸಿಲ್ವರ್ ಓಕ್, ಮೆಣಸಿನ ಬಳ್ಳಿ, ಹಲಸಿನ ಮರದ ನೆರಳು, ಕೆಳಗೆ ಕೆಂಪು ಹಣ್ಣು ಹೊತ್ತ ಅರೇಬಿಕಾ ಗಿಡ. ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರಂತೆ. ಮನೆಗೆ ಬಂದು ಕೂತರೆ ದೊಡ್ಡ ಲೋಟದಲ್ಲಿ ಕಾಫಿ ಬಂತು: ರೊಬಸ್ಟಾ ಪುಡಿಯನ್ನು ಬೆಲ್ಲದ ನೀರಿಗೆ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಹಾಲು ಬೆರೆಸಿದ್ದು. ಬೀಜ ಹುರಿದದ್ದು ಯಾವಾಗ ಎಂದು ಕೇಳಿದರು. "ದೀಪಾವಳಿಗೆ ಇರ್ಬೇಕು ಮಾರಾಯ್ರೆ" ಅಂದರಂತೆ ಆ ಮನೆಯ ಅಮ್ಮ.

"ಇಷ್ಟು ಒಳ್ಳೆ ಅರೇಬಿಕಾ ಬೆಳೆದು ನೀವು ಇದನ್ನ ಕುಡೀತೀರಾ?"

"ಅದು ಮಾರಲಿಕ್ಕೆ, ಇದು ಕುಡಿಯಲಿಕ್ಕೆ" ಎಂದ ತೋಟಗಾರ ಭಾವಮೈದ. ಅವನ ಅಪ್ಪನ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಿತ್ತು, ತನ್ನ ಬೀಜವನ್ನು ತಾನೇ ಮಾರುವ ಹಾಗಿರಲಿಲ್ಲ. ಆ ಪದ್ಧತಿ ಸಡಿಲಗೊಂಡು ಹೋದದ್ದು 1990ರ ದಶಕದಲ್ಲಿ. ಈಗ ಯಾರಿಗೆ ಬೇಕಾದರೂ ಮಾರಬಹುದು. ಕಾಫಿನಿಷ್ಠರಂಥವರು ತೋಟದ ಹೆಸರು ಹಿಡಿದು ಕೇಳುವುದರಿಂದ ಬೆಲೆಯೂ ಸಿಗುತ್ತದೆ. ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ಬೆಳೆಯುವ ನಾಡಿನಲ್ಲಿ ತೋಟದ ಹೆಸರು ಗೊತ್ತಿದ್ದು ಕಾಫಿ ಕುಡಿಯುವವರು ಇಷ್ಟು ತಡವಾಗಿ ಹುಟ್ಟಿಕೊಂಡರಲ್ಲ ಎಂದು ನನಗೇ ಅನ್ನಿಸಿದ್ದುಂಟು. ಅಷ್ಟರ ಮಟ್ಟಿಗೆ ಇವರ ಹುಚ್ಚು ಮೂಡಿಗೆರೆಗೆ ಉಪಕಾರಿ.

ನಮ್ಮ ಮನೆಗೂ ಉಪಕಾರಿಯೇ. ಅವರ ಕಾಟಕ್ಕೆ ನಾವು ತಿಂಗಳಿಗಾಗುವಷ್ಟು ಪುಡಿ ಒಟ್ಟಿಗೆ ತರುವುದು ಬಿಟ್ಟು, ಗಾಂಧಿಬಜಾರಿನಲ್ಲಿ ಕಣ್ಣೆದುರೇ ಬೀಸಿಸಿ ವಾರಕ್ಕಾಗುವಷ್ಟು ತರುತ್ತೇವೆ, ಬಿಗಿ ಮುಚ್ಚಳದ ಡಬ್ಬಿಗೆ ಹಾಕುತ್ತೇವೆ. ಅಷ್ಟಕ್ಕೇ ಕಾಫಿ ಬೇರೆಯಾಗಿದೆ. ಇಷ್ಟು ಮಾಡಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು, ಉಳಿದ ಕಾಲು ಪಾಲಿಗೆ ಫ್ರಿಜ್ಜಿನ ಬೆಲೆ ಎಂಬುದು ನನ್ನ ಅಭಿಪ್ರಾಯ. ಕಾಫಿನಿಷ್ಠರ ಎದುರು ಹೇಳಿಲ್ಲ.

ನಮ್ಮ ಡಬ್ಬಿಯಲ್ಲಿ ಒಂದಿಷ್ಟು ಚಿಕೋರಿ ಇದೆಯೆಂಬುದನ್ನೂ ಹೇಳಿಲ್ಲ. ಚಿಕೋರಿಯೆಂದರೆ ಅವರಿಗೆ ಆಗದು. ಅದು ಕಾಫಿಯೇ ಅಲ್ಲ, ಗುಜರಾತಿನ ಕಡೆ ಬೆಳೆಯುವ ಒಂದು ಗಿಡದ ಬೇರು. ಕಾನೂನು ಶೇಕಡಾ 49ರ ತನಕ ಬೆರೆಸಲು ಬಿಟ್ಟಿದೆಯೆಂದರೆ ಏನು ಹೇಳೋಣ ಎಂದು ಲಿಫ್ಟಿನಲ್ಲಿ ನಿಂತೇ ಭಾಷಣ ಮಾಡುತ್ತಾರೆ. ಡಿಕಾಕ್ಷನ್ನಿಗೆ ಅದು ಕೊಡುವ ಬಣ್ಣ, ಗಟ್ಟಿತನ ಹಾಲು ಹಾಕುವವರಿಗಷ್ಟೇ ಗೊತ್ತು.

ಮೊನ್ನೆ ಅವರ ಎದುರು ಮನೆಯಾಕೆ ಬಟ್ಟಲು ಹಿಡಿದುಕೊಂಡು ಅವರ ಬಾಗಿಲು ತಟ್ಟಿದರು. ಕಾಫಿಪುಡಿ ಮುಗಿದಿದೆ, ಸ್ವಲ್ಪ ಕೈಗಡ ಬೇಕು.

"ಯಾವುದಕ್ಕೆ?" ಎಂದರು ಕಾಫಿನಿಷ್ಠರು. "ಫಿಲ್ಟರಿಗೋ, ಮೋಕಾ ಪಾಟಿಗೋ, ಫ್ರೆಂಚ್ ಪ್ರೆಸ್ಸಿಗೋ?"

"ನಮ್ಮ ಮಾವನವರಿಗೆ" ಎಂದರು ಆಕೆ.

ಒಂದೊಂದಕ್ಕೂ ತರಿ ಬೇರೆ ಎಂದು ತಿಳಿಹೇಳಿ, ಫಿಲ್ಟರಿಗೆಂದು 30 ಗ್ರಾಂ ಅರೆದು, ಪೊಟ್ಟಣದ ಮೇಲೆ ಹುರಿದ ತಾರೀಖು ಬರೆದು ಕೊಟ್ಟರು. ವಾರ ಕಳೆದ ಮೇಲೆ ಸಾಲ ತೀರಿತು. ಕೈಗಡ ತೀರಿಸುವಾಗ ತಗೊಂಡದ್ದಕ್ಕಿಂತ ಒಂದು ಹಿಡಿ ಹೆಚ್ಚು ಕೊಡುವುದು ಮರ್ಯಾದೆ. ಆಕೆ ಬಟ್ಟಲಿನ ತುಂಬ ತಮ್ಮ ಮಾಮೂಲಿ ಪುಡಿಯನ್ನು ಗೋಪುರ ಮಾಡಿ ತಂದಿದ್ದರು. ಬೇಡವೆನ್ನುವ ಹಾಗಿಲ್ಲ. ತಾಯಿ ಇಸಿದುಕೊಂಡು ತಮ್ಮ ಫಿಲ್ಟರಿಗೆ ಹಾಕಿದರು.

ಮರುದಿನ ಬೆಳಗ್ಗೆ ಕರೆಂಟಿಲ್ಲ. ಕೊಕ್ಕರೆ ಕತ್ತಿನ ಕೆಟಲ್ ತಣ್ಣಗೆ ಕೂತಿತ್ತು, ಏಳಕ್ಕೆ ಅಮೆರಿಕದವರ ಜೊತೆ ಮೀಟಿಂಗು. ತಾಯಿ ಲೋಟ ತಂದು ಮುಂದಿಟ್ಟರು. ಮುಂದಿನದನ್ನು ಅವರೇ ನನಗೆ ಹೇಳಿದ್ದು. ಮಗ ಒಂದು ಗುಟುಕು ಕುಡಿದು ಅಲ್ಲೇ ನಿಂತ.

"ಅಮ್ಮಾ, ಚಿಕೋರಿ!"

"ಹೂಂ."

"ಶೇಕಡಾ ನಲವತ್ತು."

"ನಲವತ್ತೇಳಂತೆ. ಪ್ಯಾಕೆಟ್ ಮೇಲೇ ಬರೆದಿದೆಯಂತೆ, ಆಕೆ ಹೇಳಿದ್ಲು."

ಮಗ ಇನ್ನೊಂದು ಗುಟುಕು ಕುಡಿದ. ಮತ್ತೊಂದು. ಲೋಟ ಖಾಲಿಯಾಯಿತು. "ಏಳು ಪರ್ಸೆಂಟ್ ತಪ್ಪೋಯ್ತಲ್ಲ" ಎಂದು ತಲೆ ಕೆರೆದುಕೊಂಡು ಲೋಟ ಮುಂದೆ ಚಾಚಿದ. "ಇನ್ನೊಂದ್ಸಲ ಕೊಡು, ಸರಿಯಾಗಿ ನೋಡ್ತೀನಿ."

"ಅರ್ಧ ಸಾಕೇನೋ?"

"ಅರ್ಧದಲ್ಲಿ ಗೊತ್ತಾಗಲ್ಲಮ್ಮ."