ಇಂಟರ್ವಲ್ ಮಾವನ ತೀರ್ಪುಗಳು

ಸಿನಿಮಾ ನೋಡಿ ಅಭಿಪ್ರಾಯ ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ನೋಡದೇ ಹೇಳುವವರು ಅವರಿಗಿಂತ ಹೆಚ್ಚು. ಈ ಎರಡು ಜಾತಿಗಳ ನಡುವೆ, ಅರ್ಧ ನೋಡಿ ಪೂರ್ತಿ ಹೇಳುವವರದೊಂದು ಒಳಪಂಗಡವಿದೆ. ಮೈಸೂರಿನ ನಮ್ಮ ಬೀದಿಯ ಇಂಟರ್ವಲ್ ಮಾವ ಆ ಪಂಗಡದವರು. ಅವರ ನಿಜವಾದ ಹೆಸರು ಪೆನ್ಷನ್ ಪುಸ್ತಕದಲ್ಲಿದೆ. ಬೀದಿಯಲ್ಲಿ ಅದರ ಅಗತ್ಯ ಯಾರಿಗೂ ಬಿದ್ದಿಲ್ಲ.

ಶುಕ್ರವಾರ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡರೆ ಅದು ಮಾವನದೇ. ಹಿಂದೆ ಪಾಪ್‌ಕಾರ್ನ್ ಸಿಡಿಯುವ ಸದ್ದು, ಚಿಲ್ಲರೆಗಾಗಿ ನಡೆಯುವ ಗಲಾಟೆ.

"ಲೋ, ಫಸ್ಟ್ ಹಾಫ್ ಪರವಾಗಿಲ್ಲ. ಸೆಕೆಂಡ್ ಹಾಫ್ ಲ್ಯಾಗು."

"ಮಾವ, ಸೆಕೆಂಡ್ ಹಾಫ್ ಇನ್ನೂ ಶುರುವೇ ಆಗಿಲ್ವಲ್ಲ?"

"ಶುರುವಾಗೋದೇನು ಬಂತು? ಯಾವ ಸೆಕೆಂಡ್ ಹಾಫ್ ನೆಟ್ಟಗೆ ಓಡಿದೆ ಹೇಳು ನೋಡೋಣ."

ಹೆಣ್ಣು ನೋಡಲು ಹೋಗಿ, ಉಪ್ಪಿಟ್ಟು ಬರುವ ಹೊತ್ತಿಗೇ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡು, ಕೇಸರಿಬಾತು ಮುಗಿಸುವ ಮರ್ಯಾದೆಗಷ್ಟೇ ಕೂತಿರುವ ಗಂಡಿನ ಕಡೆಯವರ ಹಾಗೆ ಮಾವ ಉಳಿದರ್ಧ ಸಿನಿಮಾ ನೋಡುತ್ತಾರೆ. ಆಮೇಲೆ ಸಿನಿಮಾ ಚೇತರಿಸಿಕೊಂಡರೆ ಅದು ನಿರ್ದೇಶಕನ ತಪ್ಪು. "ಇಷ್ಟು ಚೆನ್ನಾಗಿ ತೆಗೆಯೋಕೆ ಬರೋನು ಮೊದಲೇ ಯಾಕೆ ತೆಗೀಲಿಲ್ಲ? ನಮ್ಮನ್ನ ಸುಮ್ನೆ ದಾರಿ ತಪ್ಪಿಸ್ದ."

ಆಮಿರ್ ಖಾನ್ ಅಭಿನಯದ 'ಧೋಬಿ ಘಾಟ್' 2011ರಲ್ಲಿ ಇಂಟರ್ವಲ್ಲೇ ಇಲ್ಲದೆ ಬಿಡುಗಡೆಯಾಯಿತು. ಮಾವ ಹೋಗಿ ಕೂತು ಪೂರ್ತಿ ನೋಡಿ ಎದ್ದು ಬಂದರು. ಆ ಒಂದು ಚಿತ್ರದ ಬಗ್ಗೆ ಅವರಿಗೆ ಇವತ್ತಿಗೂ ಅಭಿಪ್ರಾಯವಿಲ್ಲ.

ಇಷ್ಟೇ ಆಗಿದ್ದರೆ ಮಾವ ಸಾಧಾರಣ ಸಿನಿಮಾ ಹುಚ್ಚರಾಗಿಯೇ ಉಳಿಯುತ್ತಿದ್ದರು. ಆದರೆ ಅವರು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಗುಮಾಸ್ತರಾಗಿ ಸೇರಿ, ಅಲ್ಲೇ ತಲೆಗೂದಲು ಉದುರಿಸಿಕೊಂಡು ನಿವೃತ್ತರಾದವರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳ ನಡುವೆ ಕಳೆದ ಕಣ್ಣು ಅದು. ಪರದೆಯ ಮೇಲೆ ನಾಯಕ ನಾಯಕಿಯ ಕೈ ಹಿಡಿದು ಹೊಲದ ಬದುವಿನ ಮೇಲೆ ಓಡುವಾಗ ನಮಗೆ ಪ್ರೇಮ ಕಾಣುತ್ತದೆ. ಮಾವನಿಗೆ ಸರ್ವೆ ನಂಬರು ಕಾಣುತ್ತದೆ.

'ಕೆಜಿಎಫ್' ಮೊದಲ ಭಾಗ ಬಂದದ್ದು 2018ರ ಡಿಸೆಂಬರಿನಲ್ಲಿ. ಊರಿಗೆ ಊರೇ ಯಶ್ ಗಡ್ಡದ ಹಿಂದೆ ಬಿದ್ದಿತ್ತು, ನಮ್ಮ ಬೀದಿಯ ಹುಡುಗರು ಕ್ಷೌರದಂಗಡಿಯ ದಾರಿಯನ್ನೇ ಮರೆತಿದ್ದರು. ಮಾವ ಮಾತ್ರ ಗಣಿಯ ಗುತ್ತಿಗೆಗೆ ಸಿಕ್ಕಿಹಾಕಿಕೊಂಡರು. "ತೊಂಬತ್ತೊಂಬತ್ತು ವರ್ಷದ ಲೀಸು. ಸುಣ್ಣದಕಲ್ಲು ಅಂತ ಬರೆಸಿ ಚಿನ್ನ ತೆಗೀತಾನೆ. ಕಂಡೀಷನ್ ಉಲ್ಲಂಘನೆ ಆಯ್ತಲ್ಲ! ಒಂದು ನೋಟೀಸು ಜಾರಿ ಮಾಡಿದ್ರೆ ಮುಗೀತಿತ್ತು. ಅಷ್ಟು ಜನ ಸಾಯೋ ಅಗತ್ಯ ಏನಿತ್ತು?" ಮೂರು ವರ್ಷ ದಾಟಿದ ಮೇಲೆ ಬಂದ ಎರಡನೇ ಭಾಗ ಸಾವಿರ ಕೋಟಿ ದಾಟಿದಾಗಲೂ ಅವರು ಕದಲಲಿಲ್ಲ. ನೋಟೀಸು ಇನ್ನೂ ಹೋಗಿಲ್ಲ ಎಂಬುದೇ ಅವರ ಕೊರಗು.

'ಕಾಂತಾರ'ದ ಹೊತ್ತಿಗೆ ಇದು ಇನ್ನೂ ಬಿಗಡಾಯಿಸಿತು. ಕಥೆ ನಿಮಗೆ ಗೊತ್ತೇ ಇದೆ. ರಾಜ ಊರವರಿಗೆ ಭೂಮಿ ಬಿಟ್ಟುಕೊಡಬೇಕು. ಎಷ್ಟು ಎಂದರೆ, ದೈವದ ಕೂಗು ಎಲ್ಲಿಯವರೆಗೆ ಕೇಳಿಸುತ್ತದೋ ಅಲ್ಲಿಯವರೆಗೆ. ಆ ಕೂಗಿಗೆ ಥಿಯೇಟರಿನಲ್ಲಿ ರೋಮಾಂಚನಗೊಳ್ಳದವರು ಕಡಿಮೆ. ಇಂಟರ್ವಲ್ಲಿನಲ್ಲಿ ಮಾವನ ಫೋನು.

"ಚೆಕ್ಕುಬಂದಿ ಹೇಗೋ ಬರೆಯೋದು? ಪೂರ್ವಕ್ಕೆ ಕೂಗು, ಪಶ್ಚಿಮಕ್ಕೆ ಕೂಗು, ಉತ್ತರಕ್ಕೆ ಗಾಳಿ ಬೀಸಿದಂಗೆ? ಯಾವ ಸಬ್ ರಿಜಿಸ್ಟ್ರಾರ್ ಸಹಿ ಹಾಕ್ತಾನೆ ಇದಕ್ಕೆ?"

"ಮಾವ, ಅದು ದೈವ."

"ದೈವ ಸರಿ ಕಣಯ್ಯ. ಪಹಣಿ ಎಲ್ಲಿ?"

ಕಡೆಯ ಇಪ್ಪತ್ತು ನಿಮಿಷ ಅವರು ಸೀಟಿನಲ್ಲಿ ಎದ್ದು ಕೈಮುಗಿದು ನಿಂತಿದ್ದರೆಂದು ಅತ್ತೆ ಆಮೇಲೆ ಹೇಳಿದರು. ಕೇಳಿದರೆ ಕಾಲು ಜೋಮು ಹಿಡಿದಿತ್ತು ಎಂದು ಸಮಜಾಯಿಷಿ.

ನಗುವುದು ಸುಲಭ. ಆದರೆ ಒಮ್ಮೆ ಕೂತು ಯೋಚಿಸಿದಾಗ ನನಗೇ ಅನುಮಾನ ಶುರುವಾಯಿತು. ಕನ್ನಡ ಸಿನಿಮಾದ ಎಷ್ಟೋ ದೊಡ್ಡ ಕಥೆಗಳು ಒಳಗೆ ಜಮೀನಿನ ಕಥೆಗಳೇ ಅಲ್ಲವೇ? 1972ರ 'ಬಂಗಾರದ ಮನುಷ್ಯ'ದ ರಾಜೀವಪ್ಪ ಬಂಜರು ಭೂಮಿಯನ್ನು ಬಂಗಾರ ಮಾಡಿ, ಕಡೆಗೆ ಎಲ್ಲ ಬಿಟ್ಟು ಬರಿಗೈಯಲ್ಲಿ ಹೊರಟುಹೋಗುತ್ತಾನೆ. ಆ ದೃಶ್ಯ ಟೀವಿಯಲ್ಲಿ ಬಂದಾಗಲೆಲ್ಲ ಮಾವ ಬಿಕ್ಕಿ ಬಿಕ್ಕಿ ಅಳುತ್ತಾರೆ: "ಅಷ್ಟು ದುಡಿದ, ಒಂದೆಕರೆನಾದ್ರೂ ತನ್ನ ಹೆಸರಿಗೆ ಮಾಡಿಸ್ಕೋಬಾರದಿತ್ತಾ?" 2023ರ ಕೊನೆಯಲ್ಲಿ 'ಕಾಟೇರ' ಬಂದಾಗ ಅವರು ಹಿಗ್ಗಿದ್ದನ್ನು ನೋಡಬೇಕಿತ್ತು. ಉಳುವವನೇ ಹೊಲದೊಡೆಯ! ಫೈಟು, ಹಾಡು, ಶಿಳ್ಳೆಗಳ ನಡುವೆ ಅವರಿಗೆ ಕೇಳಿಸಿದ್ದು 1974ರ ಭೂ ಸುಧಾರಣೆ ತಿದ್ದುಪಡಿಯೊಂದೇ. ಇಂಟರ್ವಲ್ ಮುಗಿಯುವವರೆಗೂ ಫಾರಂ ನಂಬರ್ 7 ಎಂದರೇನು, ಅದನ್ನು ಭೂ ನ್ಯಾಯಮಂಡಳಿಗೆ ಹೇಗೆ ಸಲ್ಲಿಸುತ್ತಿದ್ದರು ಎಂದು ನನಗೆ ಫೋನಿನಲ್ಲಿ ಪಾಠ. ಮಾವ ಸೆಕೆಂಡ್ ಹಾಫಿನ ಬಗ್ಗೆ ಚಕಾರ ಎತ್ತದ ದಿನ ಅದೊಂದೇ.

ಜಮೀನಿಲ್ಲದ ಚಿತ್ರಗಳಲ್ಲಿ ಅವರು ಅಸಹಾಯಕರು. '777 ಚಾರ್ಲಿ'ಯಲ್ಲಿ ಒಬ್ಬ ಮನುಷ್ಯ, ಒಂದು ನಾಯಿ, ಉದ್ದ ದಾರಿ, ಹಿಮ. ಹಿಡಿಯಲು ಒಂದು ದಾಖಲೆಯೂ ಇಲ್ಲ. ಪಾಪ, ಅತ್ತುಬಿಟ್ಟರು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಆ ಚಿತ್ರ ನೋಡಿ ಕಣ್ಣೀರಿಟ್ಟದ್ದು ಪತ್ರಿಕೆಗಳಲ್ಲಿ ಬಂದ ಮೇಲೆ, "ಸರ್ಕಾರವೇ ಅತ್ತ ಮೇಲೆ ನಂದೇನು" ಎಂದು ಸಮಾಧಾನ ಮಾಡಿಕೊಂಡರು. 'ಇಂಟರ್‌ಸ್ಟೆಲ್ಲರ್' ಮರುಬಿಡುಗಡೆಯಾದಾಗ ಮೊಮ್ಮಗ ಎಳೆದುಕೊಂಡು ಹೋಗಿದ್ದ. ಒಂದು ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯ ಮೇಲೆ 7 ವರ್ಷ ಕಳೆಯುತ್ತದಂತೆ. ಪಕ್ಕದವರೆಲ್ಲ ಬೆರಗಾಗಿ ಕೂತಿದ್ದರೆ ಮಾವನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ಒಳಗೆ ಐದು ನಿಮಿಷ ವಾದ, ಹೊರಗೆ ಬಂದ್ರೆ ಮುಂದಿನ ವಾಯಿದೆ. ನಮ್ಮ ಸೈಟಿನ ಕೇಸೂ ಅದೇ ಗ್ರಹದಲ್ಲಿ ನಡೀತಿರೋದು."

ಪ್ರೇಮಕಥೆಗಳ ವಿಷಯದಲ್ಲಿ ಅವರಿಗೆ ನಿಜವಾದ ಪೆಟ್ಟು ಕೊಟ್ಟವರು ನಿರ್ದೇಶಕ ಹೇಮಂತ್ ರಾವ್. 'ಸಪ್ತ ಸಾಗರದಾಚೆ ಎಲ್ಲೋ' ಸೈಡ್ ಎ 2023ರ ಸೆಪ್ಟೆಂಬರ್ 1ಕ್ಕೆ ಬಂತು, ಸೈಡ್ ಬಿ ನವೆಂಬರ್ 17ಕ್ಕೆ. ಅಂದರೆ 11 ವಾರದ ಇಂಟರ್ವಲ್! ಇಂಟರ್ವಲ್ಲನ್ನೇ ಉಸಿರಾಡುವ ಮನುಷ್ಯನಿಗೆ ಇದು ಹಬ್ಬವಾಗಬೇಕಿತ್ತು, ಹಾಗಾಗಲಿಲ್ಲ. "ಸೈಡ್ ಎ, ಸೈಡ್ ಬಿ ಅಂದ್ರೆ ಎ ಖಾತಾ, ಬಿ ಖಾತಾ ಇದ್ದಂಗಾ?" ಎಂದು ಶುರು ಮಾಡಿದವರು, ನಾಯಕಿ ಪ್ರಿಯಾಳ ಸಮುದ್ರದ ಪಕ್ಕದ ಮನೆಯ ಕನಸಿಗೆ ಕರಾವಳಿ ನಿಯಂತ್ರಣ ವಲಯದ ಅನುಮತಿ ಸಿಗುವುದಿಲ್ಲ ಎಂದರು. ಯಜಮಾನರ ಕಡೆಯ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋದ ನಾಯಕ ಮನುವಿನ ಮೇಲೆ ಅವರಿಗೆ ಅಪ್ಪನಷ್ಟು ಸಿಟ್ಟು: "ಬಾಯಿಮಾತಿಗೆ ಜೈಲಿಗೆ ಹೋಗ್ತಾರೇನೋ! ಇಪ್ಪತ್ತು ರೂಪಾಯಿ ಛಾಪಾ ಕಾಗದದ ಮೇಲಾದ್ರೂ ಬರೆಸ್ಕೋಬಾರದಾ?" ಆ 11 ವಾರವೂ ಅವರು ಬೀದಿಯಲ್ಲಿ ಸಪ್ಪಗೆ ಓಡಾಡಿದರು. ಒಮ್ಮೆ ಹಾಲಿನ ಬೂತಿನ ಹತ್ತಿರ ನನ್ನನ್ನು ತಡೆದು, "ಆ ಹುಡುಗನಿಗೆ ಬೇಲ್ ಆಗಿರಬಹುದಾ?" ಎಂದು ಕೇಳಿದರು. ನನಗೆ ಒಂದು ಕ್ಷಣ ನಮ್ಮ ಬೀದಿಯ ಯಾವ ಹುಡುಗನೋ ಎಂದು ಗಾಬರಿಯಾಯಿತು.

ಅವರ ಭವಿಷ್ಯವಾಣಿ ಪೂರಾ ಮಗುಚಿಬಿದ್ದದ್ದು 2025ರ ಜುಲೈನಲ್ಲಿ, 'ಸು ಫ್ರಮ್ ಸೋ' ಬಂದಾಗ. ದೊಡ್ಡ ನಾಯಕನಿಲ್ಲ, ಕಟೌಟಿಲ್ಲ, ಮಾತೆಲ್ಲ ಕರಾವಳಿಯದು, ಸಾಲದ್ದಕ್ಕೆ ಸುಲೋಚನಾ ಎಂಬ ದೆವ್ವ. ಇಂಟರ್ವಲ್ಲಿಗೆ ಫೋನು: "ಮೂರು ದಿನ." ಭಾನುವಾರದ ಹೊತ್ತಿಗೆ ಟಿಕೆಟ್ ಸಿಗದೆ ಜನ ವಾಪಸು ಬರತೊಡಗಿದರು. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಸುದ್ದಿ ಹಬ್ಬಿ ಷೋಗಳು ಹೆಚ್ಚಾದವು. ನಾನು ಮನೆಗೇ ಹೋಗಿ ಕೆಣಕಿದೆ. ಮಾವ ಪೇಪರಿನಿಂದ ತಲೆಯೆತ್ತದೆ ಹೇಳಿದರು: "ಮೂರು ದಿನ ಅಂದಿದ್ದು, ಟಿಕೆಟ್ ಸಿಗೋಕೆ ಮೂರು ದಿನ ಕಾಯಬೇಕು ಅಂತ." ಇಷ್ಟು ಹೇಳಿ, ಆ ಚಿತ್ರದ ರವಿಯಣ್ಣನ ಧಾಟಿಯಲ್ಲಿ ಅತ್ತೆಗೆ ಕಾಫಿ ಕೂಗಿದರು. ಮೈಸೂರಿನ ನಾಲಿಗೆಯಲ್ಲಿ ಮಂಗಳೂರು ಕನ್ನಡ ಹೇಗಿತ್ತೆಂದು ಬರೆಯುವುದು ಬೇಡ. ದೆವ್ವಕ್ಕೆ ತಾನು ಹೆದರಲಿಲ್ಲವೆಂದೂ ಸೇರಿಸಿದರು. ಅಂದಿನಿಂದ ಬಚ್ಚಲಿನ ಲೈಟು ರಾತ್ರಿಯಿಡೀ ಉರಿಯುತ್ತಿರುವುದಕ್ಕೆ ಕಾರಣ ಹಾಳಾದ ಸ್ವಿಚ್ಚು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿತು. ಮಾವ ಆದೇಶದ ಪ್ರತಿಯನ್ನೇ ಹುಡುಕಿ ಓದಿ, ಒಕ್ಕಣೆ ಚೆನ್ನಾಗಿದೆ ಎಂದು ಮೆಚ್ಚಿದರು. ತಿಂಗಳು ಮುಗಿಯುವ ಮೊದಲೇ ಹೈಕೋರ್ಟು ಮಧ್ಯಂತರ ತಡೆ ಕೊಟ್ಟಿತು. "ನಾನು ಹೇಳ್ಲಿಲ್ವಾ?" ಎಂದು ಅವರ ಮುಖವರಳಿತು.

ಮರುತಿಂಗಳು 'ಕಾಂತಾರ ಚಾಪ್ಟರ್ 1'. ಕದಂಬರ ಕಾಲದ ಕಥೆ, ಪಹಣಿಯ ಮಾತೇ ಇಲ್ಲ, ಈ ಸಲ ಬಚಾವಾದೆವು ಎಂದುಕೊಂಡಿದ್ದೆ. ಇಂಟರ್ವಲ್ಲಿಗೆ ಫೋನು ಬಂತು.

"ಕದಂಬರ ಕಾಲದಲ್ಲಿ ದಾಖಲೆ ಇರ್ಲಿಲ್ಲ ಅಂದ್ಕೊಂಡ್ಯಾ? ಹಲ್ಮಿಡಿ ಶಾಸನ ಏನು ಮತ್ತೆ? ಊರು ಕೊಟ್ಟಿದ್ದನ್ನ ಕಲ್ಲಲ್ಲಿ ಕೆತ್ತಿಸಿದಾರೆ. ಕನ್ನಡದ ತುಂಬಾ ಹಳೇ ಗಿಫ್ಟ್ ಡೀಡು ಕಣೋ ಅದು! ಸ್ಟಾಂಪ್ ಡ್ಯೂಟಿನೂ ಇಲ್ಲ."

ಅಷ್ಟರಲ್ಲಿ ಅವರ ಹಿಂದೆ ಕ್ಯೂನಲ್ಲಿದ್ದ ಹುಡುಗನೊಬ್ಬ, "ಸಾರ್, ಗಿಫ್ಟ್ ಡೀಡಿಗೆ ಈಗ ಎಷ್ಟಾಗುತ್ತೆ? ನಮ್ಮ ತಾತಂದು ಒಂದು ಜಮೀನಿದೆ..." ಎಂದದ್ದು ನನಗೂ ಕೇಳಿಸಿತು. ಫೋನು ಕಟ್ಟಾಯಿತು. ಮಾವ ಮೆಟ್ಟಿಲ ಮೇಲೆ ಕೂತು, ಪಾಪ್‌ಕಾರ್ನ್ ಪೊಟ್ಟಣದ ಹಿಂದೆ ಆ ಹುಡುಗನ ವಂಶವೃಕ್ಷ ಬರೆದುಕೊಟ್ಟು ಮುಗಿಸುವಷ್ಟರಲ್ಲಿ ಸಿನಿಮಾ ಬಿಟ್ಟಿತ್ತು.

ಉಳಿದರ್ಧವನ್ನು ಅತ್ತೆ ಒಬ್ಬರೇ ನೋಡಿ ಬಂದಿದ್ದರು. ಸಂಜೆ ಹೂ ಕಟ್ಟುತ್ತಾ ಕೂತಿದ್ದವರನ್ನು ಹೇಗಿತ್ತು ಎಂದು ಕೇಳಿದೆ.

"ಸೆಕೆಂಡ್ ಹಾಫೇ ಚೆನ್ನಾಗಿತ್ತು ಕಣೋ," ಎಂದರು ಅತ್ತೆ. "ಪಕ್ಕದ ಸೀಟು ಖಾಲಿ ಇತ್ತು ನೋಡು."