ದಂಡೆಯ ಮೇಲಿನ ನಾವಿಕ

ಸಮುದ್ರಯಾನವನ್ನು ಮನಸಾರೆ ಮೆಚ್ಚಬೇಕಾದರೆ ಹಡಗನ್ನು ದಂಡೆಗೆ ಗಟ್ಟಿಯಾಗಿ ಕಟ್ಟಿಹಾಕಿರಬೇಕು. ನಾನು ಚಿತ್ರದುರ್ಗದ ಕಡೆಯವನು. ನನ್ನ ಮಟ್ಟಿಗೆ ನೀರೆಂದರೆ ಟ್ಯಾಂಕರಿನಲ್ಲಿ ಬರುವ ಪದಾರ್ಥ. ಮಗಳ ಮನೆಯಿರುವ ಸ್ಯಾನ್ ಡಿಯಾಗೋದಲ್ಲಿ ‘ಸ್ಟಾರ್ ಆಫ್ ಇಂಡಿಯಾ’ ಎಂಬ ಹಳೇ ಹಾಯಿಹಡಗು ನನಗೆ ಹಿಡಿಸಿದ್ದಕ್ಕೆ ಮೊದಲ ಕಾರಣವೇ ಅದು ಎಲ್ಲಿಗೂ ಹೊರಟಿರಲಿಲ್ಲ ಎಂಬುದು.

ಹೆಸರು ಓದಿದ್ದೇ ತಡ, ನನ್ನಾಕೆ “ನೋಡ್ರೀ, ನಮ್ ದೇಶದ್ದು!” ಎಂದು ಸೆರಗು ಸರಿಮಾಡಿಕೊಂಡು ಫೋಟೋಗೆ ನಿಂತಳು. ಹಡಗಿನ ಜಾತಕ ಬೇರೆಯೇ ಇದೆ. 1863ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಹುಟ್ಟಿದ ಈ ಕಬ್ಬಿಣದ ಕೂಸಿಗೆ ಇಟ್ಟ ಹೆಸರು ‘ಯೂಟರ್ಪಿ’, ಗ್ರೀಕರ ಸಂಗೀತದೇವತೆ. ಕಲ್ಕತ್ತಕ್ಕೆ ಬಂದುಹೋಗುತ್ತಿದ್ದ ಕಾಲದಲ್ಲಿ ಇದ್ದದ್ದು ಅದೇ ಹೆಸರು. ಇಂಡಿಯಾದ ಹೆಸರು ಬಂದದ್ದು 1906ರಲ್ಲಿ, ಅಲಾಸ್ಕಾದಿಂದ ಡಬ್ಬಿ ಮೀನು ಹೊರುವ ಕೆಲಸಕ್ಕೆ ಸೇರಿದ ಮೇಲೆ. ಆಮೇಲೆ ಅದು ಇಂಡಿಯಾದ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಇದನ್ನೆಲ್ಲ ನಾನು ಹೇಳಿದ್ದು ಫೋಟೋ ತೆಗೆದಾದ ಮೇಲೆ. ದೇಶಭಕ್ತಿಯ ನಡುವೆ ಇತಿಹಾಸ ತರಬಾರದು.

ಇತಿಹಾಸವಾದರೂ ಎಂಥದ್ದು! ಮೊದಲ ಪಯಣದಲ್ಲೇ ವೇಲ್ಸ್ ತೀರದ ಬಳಿ ಇನ್ನೊಂದು ಹಡಗಿಗೆ ಡಿಕ್ಕಿ. ಮುಂದೆ ಬರಲೊಲ್ಲೆವೆಂದ ನಾವಿಕರು ಜೈಲಿಗೆ. 1865ರಲ್ಲಿ ಬಂಗಾಳಕೊಲ್ಲಿಯ ಚಂಡಮಾರುತಕ್ಕೆ ಸಿಕ್ಕಿ ಹಾಯಿ ಕಟ್ಟುವ ಕೂವೆಮರಗಳನ್ನೇ ಕಡಿದೊಗೆಯಬೇಕಾಯಿತು. ಊರಿಗೆ ಮರಳುವ ದಾರಿಯಲ್ಲಿ ಕಪ್ತಾನನೂ ತೀರಿಕೊಂಡ. ನಮ್ಮಲ್ಲಾಗಿದ್ದರೆ ಶನಿಶಾಂತಿ ಮಾಡಿಸುತ್ತಿದ್ದರು. ಅವರು ಮುಂದೆ ನ್ಯೂಜಿಲೆಂಡಿಗೆ ವಲಸೆ ಹೋಗುವವರನ್ನು ಅದರಲ್ಲಿ ತುಂಬಿ ಕಳಿಸಿದರು! ಬೇಗ ಮುಟ್ಟಿದರೆ 100 ದಿನ, ತಡವಾದರೆ 143. ಅವರು ಮಲಗುತ್ತಿದ್ದ ಕೆಳಅಂತಸ್ತಿನ ಹಲಗೆಮಂಚವನ್ನು ನನ್ನಾಕೆ ಗೇಣು ಹಾಕಿ ಅಳೆದು, “ಉಪ್ಪಿನಕಾಯಿ ಜಾಡಿ ಎಲ್ಲಿಡ್ತಿದ್ರೋ ಪಾಪ” ಎಂದು ಮರುಗಿದಳು.

ಮೇಲೆ ಬದಿಯುದ್ದಕ್ಕೂ ಗೂಟಗಳ ಸಾಲು. ಒಂದೊಂದಕ್ಕೂ ಎಂಟರ ಆಕಾರದಲ್ಲಿ ಹಗ್ಗ ಸುತ್ತಿ, ಮಿಕ್ಕಿದ್ದನ್ನು ಸುರುಳಿ ಮಾಡಿ ಅಲ್ಲೇ ನೇತುಹಾಕಿದ್ದಾರೆ. ಯಾವ ಹಗ್ಗ ಯಾವ ಹಾಯಿಯದು ಎಂಬುದು ಕತ್ತಲಲ್ಲೂ ನಾವಿಕನ ಕೈಗೆ ಗೊತ್ತಿರಬೇಕು. ನಮ್ಮನೆಯ ಫ್ಯಾನಿನ ಸ್ವಿಚ್ ಯಾವುದೆಂದು ನನಗೆ ಹಗಲಲ್ಲೇ ಗೊತ್ತಾಗುವುದಿಲ್ಲ.

1926ರಲ್ಲಿ ಈ ಹಡಗನ್ನು 9000 ಡಾಲರಿಗೆ ಕೊಂಡುಕೊಂಡದ್ದು ಅಲ್ಲಿನ ಮೃಗಾಲಯದ ಸಂಘ. ಮ್ಯೂಸಿಯಂ ಮಾಡುವ ಆಸೆಯೇನೋ ಇತ್ತು. ದುಡ್ಡಿಲ್ಲದೆ ಹಡಗು ದಶಕಗಟ್ಟಲೆ ತುಕ್ಕು ಹಿಡಿಯಿತು. ಕೊನೆಗೆ ಊರವರೇ ಮುಂದೆ ಬಂದು ದುರಸ್ತಿ ಮಾಡಿಸಿ, 1976ರಲ್ಲಿ ಮತ್ತೆ ಹಾಯಿ ಬಿಚ್ಚಿದರು. ಅಪರೂಪಕ್ಕೆ ಕಡಲಿಗಿಳಿದಾಗ ಹಗ್ಗ ಎಳೆಯುವವರೂ ಕೂವೆಮರ ಹತ್ತುವವರೂ ಸಂಬಳವಿಲ್ಲದ ಸ್ವಯಂಸೇವಕರು.

ಅಂಥವರಲ್ಲೊಬ್ಬರು, ನನ್ನದೇ ವಯಸ್ಸಿನವರು, ಹಿತ್ತಾಳೆ ಉಜ್ಜುತ್ತಿದ್ದರು. ನನ್ನಾಕೆ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ನೀವೂ ಸೇರ್ಕೊಳ್ರೀ. ಅಟ್ಟದ ಮೇಲಿನ ಡಬ್ಬಿ ಇಳಿಸೋಕೆ ಸ್ಟೂಲ್ ಹತ್ತಿದ್ರೆ ತಲೆ ಸುತ್ತತ್ತೆ ಅಂತೀರಲ್ಲ, ವಾಸಿಯಾಗತ್ತೆ” ಎಂದಳು.

“ಎಲ್ರೂ ಮೇಲೆ ಹತ್ತಿದ್ರೆ ಕೆಳಗೆ ನಿಂತು ಭೇಷ್ ಅನ್ನೋರು ಯಾರೇ?” ಎಂದೆ.