ನೂರೆಂಟು ರಾಯರು

ನಮ್ಮ ಕಚೇರಿಯ ನೂರೆಂಟು ರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಅದು ಸಂಬಳದ ಬಿಲ್ಲಿನಲ್ಲಿ ಮಾತ್ರ ಬಳಕೆಯಲ್ಲಿದೆ. 2008ರ ರಾಜ್ಯೋತ್ಸವದ ದಿನ ಕರ್ನಾಟಕದಲ್ಲಿ 108 ಆಂಬುಲೆನ್ಸ್ ಶುರುವಾಯಿತಲ್ಲ, ಅದಾದ ಮೂರೋ ನಾಲ್ಕೋ ತಿಂಗಳಿಗೆ ಕ್ಯಾಂಟೀನಿನಲ್ಲಿ ಈ ನಾಮಕರಣ ನಡೆಯಿತು. ಬೇರೆಯವರಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ರಾಯರು, "ಅಷ್ಟೋತ್ತರ ಅಂದ್ರೂ ನೂರೆಂಟೇ ಅಲ್ವೇನ್ರೀ" ಎಂದು ಅವತ್ತಿನ ಕಾಫಿಗೆ ತಾವೇ ದುಡ್ಡು ಕೊಟ್ಟರು.

ಅವರ ಮನೆ ಹೇರೋಹಳ್ಳಿಯಲ್ಲಿ. ಮಾಗಡಿ ರಸ್ತೆ ಹಿಡಿದು ಬಂದರೆ ಕಚೇರಿಗೆ ಹನ್ನೆರಡು ಹದಿಮೂರು ಕಿಲೋಮೀಟರ್. ಸಿಗ್ನಲ್ಲು, ಮೆಟ್ರೋ, ಅಗೆದ ಗುಂಡಿ ಎಲ್ಲ ಲೆಕ್ಕ ಹಾಕಿದರೂ ಒಂದು ಗಂಟೆಯ ದಾರಿ. ರಾಯರಿಗೆ ಒಂದು ಗಂಟೆಯೂ ಆಗಬಹುದು, ಮೂರು ಗಂಟೆಯೂ ಆಗಬಹುದು. ಅದು ಆ ದಿನ ದಾರಿಯಲ್ಲಿ ಯಾರು ಬೀಳುತ್ತಾರೆ ಎಂಬುದರ ಮೇಲೆ ನಿಂತಿದೆ. ನಮ್ಮ ಸೂಪರಿಂಟೆಂಡೆಂಟ್ ಮೇಡಂ ಒಂದು ಸಲ ರೋಸಿಹೋಗಿ ಕೇಳಿಯೇಬಿಟ್ಟರು: "ರೀ ರಾಯರೇ, ನಾವೂ ಅದೇ ಊರಲ್ಲಿ ಓಡಾಡ್ತೀವಿ. ನೀವು ಬರೋ ದಾರೀಲೇ ಯಾಕ್ರೀ ಎಲ್ರೂ ಬೀಳ್ತಾರೆ?"

ಪ್ರಶ್ನೆ ನ್ಯಾಯವಾದದ್ದು. ಬೀಳುವವರು ನನ್ನ ದಾರಿಯಲ್ಲೂ ಬೀಳುತ್ತಾರೆ. ನಾನು ಗಾಡಿ ನಿಧಾನ ಮಾಡುತ್ತೇನೆ, ಕತ್ತು ಉದ್ದ ಮಾಡಿ ನೋಡುತ್ತೇನೆ, 'ಅಷ್ಟು ಜನ ಇದ್ದಾರಲ್ಲ' ಎಂದು ಸಮಾಧಾನ ಮಾಡಿಕೊಂಡು ಮುಂದೆ ಹೋಗುತ್ತೇನೆ. ನಿಧಾನ ಮಾಡಿದರೆ ಮನುಷ್ಯತ್ವ, ನಿಲ್ಲಿಸಿದರೆ ಸಿ.ಎಲ್. ಮೂರು ದಿನ ತಡವಾದರೆ ಒಂದು ರಜೆ ಕತ್ತರಿಸುವುದು ನಮ್ಮ ಶಾಖೆಯ ವಾಡಿಕೆ.

ಮೇಡಂ ಸಮಜಾಯಿಷಿ ಕೇಳಿದಾಗ ರಾಯರು ಬಾಯಿಮಾತಿನಲ್ಲಿ ಉತ್ತರ ಕೊಡುವವರಲ್ಲ. ಮೂವತ್ತು ವರ್ಷ ಕಡತ ಹೊರಳಿಸಿದ ಕೈ. ಬಿಳಿ ಹಾಳೆ ತೆಗೆದು, ಎಡಕ್ಕೆ ಅಂಚು ಮಡಚಿ, 'ವಿಷಯ: ತಡವಾಗಿ ಹಾಜರಾದ ಬಗ್ಗೆ' ಎಂದು ಬರೆದು, ಕೆಳಗೆ 'ಉಲ್ಲೇಖ' ಎಂದು ಅಡಿಗೆರೆ ಎಳೆಯುತ್ತಾರೆ. ಉಲ್ಲೇಖ ಒಂದು: ಮೋಟಾರು ವಾಹನ ಕಾಯ್ದೆ 1988, 2019ರ ತಿದ್ದುಪಡಿಯಂತೆ, ಕಲಂ 134ಎ. ಉಲ್ಲೇಖ ಎರಡು: ಸುಪ್ರೀಂ ಕೋರ್ಟಿನ 2016ರ ಆದೇಶ. ಉಲ್ಲೇಖ ಮೂರು: ಅಪಘಾತದಲ್ಲಿ ನೆರವಾದವರ ರಕ್ಷಣೆಗೆ ಕರ್ನಾಟಕವೇ ಮಾಡಿಕೊಂಡ 2016ರ ಕಾಯ್ದೆ, ರಾಷ್ಟ್ರಪತಿಗಳ ಅಂಕಿತ 2018. ಆಮೇಲೆ ಒಂದೇ ಸಾಲು: 'ಸುಮನಹಳ್ಳಿ ಸೇತುವೆಯ ಕೆಳಗೆ ಒಬ್ಬರು ಬಿದ್ದಿದ್ದರು.' ಇದರಲ್ಲಿ ಯಾವ ಕಾಯ್ದೆಯೂ ಹತ್ತು ಗಂಟೆಗೆ ಬರಬೇಡಿ ಅಂದಿಲ್ಲ ಎಂಬುದು ಮೇಡಂಗೂ ಗೊತ್ತು, ರಾಯರಿಗೂ ಗೊತ್ತು. ಆದರೆ ಮೂರು ಉಲ್ಲೇಖ ಇರುವ ಅರ್ಜಿಯನ್ನು ತಿರಸ್ಕರಿಸುವ ಧೈರ್ಯ ಯಾವ ಸರ್ಕಾರಿ ನೌಕರರಿಗಿದೆ?

ಇದೆಲ್ಲ ದುಡ್ಡಿಗಾಗಿ ಎಂಬ ಗುಸುಗುಸು ಕ್ಯಾಂಟೀನಿನಲ್ಲಿ ಆಗಾಗ ಏಳುವುದುಂಟು. ಜೀವ ಉಳಿಸಿದವರಿಗೆ ಕೇಂದ್ರ ಸರ್ಕಾರ 2021ರಲ್ಲಿ 5,000 ರೂಪಾಯಿ ಬಹುಮಾನ ಇಟ್ಟಿತು, ಈಚೆಗೆ ಅದು 25,000 ಆಗಿದೆ. ಒಬ್ಬರಿಗೆ ವರ್ಷಕ್ಕೆ ಐದು ಸಲದವರೆಗೆ. ಕ್ಯಾಷ್ ಸೆಕ್ಷನ್ನಿನವರು ತಕ್ಷಣ ಐದರಿಂದ ಗುಣಿಸಿ, ಟಿ.ಡಿ.ಎಸ್. ಕೂಡ ಕಳೆದುಬಿಟ್ಟರು. ಪಾಪ, ರಾಯರ ಅದೃಷ್ಟಕ್ಕೆ ಅವರ ಕೈಗೆ ಸಿಗುವವರೆಲ್ಲ ಮೊಣಕಾಲು ಕೆತ್ತಿಸಿಕೊಂಡವರು, ಅಂಗೈ ತರಚಿಕೊಂಡವರು, ಬಿಸಿಲಿಗೆ ತಲೆ ಸುತ್ತಿ ಬಸ್‌ಸ್ಟಾಪಿನಲ್ಲಿ ಕುಸಿದವರು. ಅಂಥವಕ್ಕೆ ಬಹುಮಾನ ಇಲ್ಲ. ಇದುವರೆಗೆ ರಾಯರಿಗೆ ಬಂದಿರುವುದು ಒಂದು ಎಳನೀರು, ಎರಡು ಮದುವೆ ಕಾಗದ, ಮತ್ತೆ ಯಾರದೋ ಸ್ಪ್ಲೆಂಡರ್ ಬೈಕಿನ ಕೀ.

ಕೀ ಕತೆ ಹೇಳಬೇಕು ಅಂದರೆ ನಾನು ಕಣ್ಣಾರೆ ಕಂಡ ಆ ಮಂಗಳವಾರಕ್ಕೆ ಬರಬೇಕು. ನನ್ನ ಗಾಡಿ ಸರ್ವೀಸಿಗೆ ಬಿಟ್ಟಿದ್ದೆ. ಅಂಜನಾನಗರದ ತಿರುವಿನಲ್ಲಿ ರಾಯರು, "ಹತ್ತಿ ಸ್ವಾಮಿ, ಇವತ್ತು ಬೇಗ ಹೊರಟಿದ್ದೀನಿ" ಎಂದರು. ನಂಬಿ ಹತ್ತಿದೆ.

ಸುಂಕದಕಟ್ಟೆ ದಾಟುವಾಗ ಮುಂದೆ ಹೋಗುತ್ತಿದ್ದ ಟಿ.ವಿ.ಎಸ್. ಎಕ್ಸೆಲ್ ಒಂದು, ಯಾವುದೋ ಟಿಪ್ಪರ್ ಚೆಲ್ಲಿಹೋದ ಎಂ-ಸ್ಯಾಂಡ್ ಮೇಲೆ ಸುಯ್ಯೆಂದು ಜಾರಿ ಮಲಗಿತು. ರಾಯರ ಬ್ರೇಕು, ಇಂಡಿಕೇಟರು, ಸ್ಟ್ಯಾಂಡು ಎಲ್ಲ ಒಂದೇ ಉಸಿರಿನಲ್ಲಿ ಆಯಿತು. ಐವತ್ತೇಳು ವರ್ಷದ ಮನುಷ್ಯ, ಕಚೇರಿಯಲ್ಲಿ ಬೀರುವಿನ ಕೆಳಗಿನ ಖಾನೆಯ ಕಡತ ತೆಗೆಯಲು ಹುಡುಗರನ್ನು ಕರೆಯುವವರು, ನಾನು ಹೆಲ್ಮೆಟ್ ಬಿಚ್ಚುವಷ್ಟರಲ್ಲಿ ರಸ್ತೆಯ ಮಧ್ಯೆ ನಿಂತು ಬಿ.ಎಂ.ಟಿ.ಸಿ. ಬಸ್ಸೊಂದಕ್ಕೆ ಅಂಗೈ ತೋರಿಸುತ್ತಿದ್ದರು. ಬಸ್ಸು ನಿಂತಿತು!

ಅವರ ಸ್ಕೂಟರಿನ ಡಿಕ್ಕಿಯನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಒಗೆದು ಇಸ್ತ್ರಿ ಮಾಡಿ ಪಟ್ಟಿ ಪಟ್ಟಿಯಾಗಿ ಹರಿದಿಟ್ಟ ಹಳೇ ಪಂಚೆ, ಬ್ಯಾಂಡೇಜು, ಕತ್ತರಿ, ಲ್ಯಾಮಿನೇಟ್ ಮಾಡಿಸಿದ ನಾಲ್ಕೈದು ಕಾಗದ, ಒಂದು ಡಬ್ಬ ಚಾಕ್‌ಪೀಸ್. ಚಾಕ್‌ಪೀಸ್ ಯಾಕೆಂದರೆ, ಬಿದ್ದ ಗಾಡಿಯನ್ನು ಎತ್ತುವ ಮೊದಲು ಅದರ ಚಕ್ರದ ಸುತ್ತ ಗೆರೆ ಎಳೆಯಬೇಕು. ಪೊಲೀಸರು ಬಂದಾಗ ಗಾಡಿ ಎಲ್ಲಿತ್ತು ಅಂತ ಜಗಳ ಬರಬಾರದು. ಗೆರೆ ಎಳೆದ ಕೂಡಲೇ ಜನ ಎರಡು ಹೆಜ್ಜೆ ಹಿಂದೆ ಸರಿದರು. ಮಫ್ತಿ ಪೊಲೀಸ್ ಇರಬೇಕು ಅಂದುಕೊಂಡರು. ರಾಯರು ಅದನ್ನು ಅಲ್ಲಗಳೆಯಲು ಹೋಗುವುದಿಲ್ಲ.

ಅಷ್ಟರಲ್ಲಿ ಗುಂಪು ಸೇರಿತ್ತು. ಇಂಥ ಗುಂಪಿನಲ್ಲಿ ತೀರ್ಪು ಮೊದಲು ಬರುತ್ತದೆ, ವಿಚಾರಣೆ ಆಮೇಲೆ. "ದೊಡ್ಡ ಗಾಡೀದೇ ತಪ್ಪು" ಎಂದು ಒಬ್ಬರು ಘೋಷಿಸಿದರು. ದೊಡ್ಡ ಗಾಡಿಯೇ ಇರಲಿಲ್ಲ. ಇನ್ನೊಬ್ಬರು ಮೊಬೈಲ್ ಅಡ್ಡ ಹಿಡಿದು ಚಿತ್ರೀಕರಣ ಶುರು ಮಾಡಿದ್ದರು, ರಾಯರಿಗೇ "ಸ್ವಲ್ಪ ಸೈಡಿಗೆ ಬನ್ನಿ ಸಾರ್" ಅಂದರು. ಒಬ್ಬ ಹುಡುಗ, ಫಿಟ್ಸ್ ಬಂದಿರಬಹುದೆಂದು ತನ್ನ ಬೈಕಿನ ಕೀಯನ್ನು ಬಿದ್ದವರ ಮುಷ್ಟಿಯಲ್ಲಿ ತುರುಕುತ್ತಿದ್ದ. ಅವರು, "ನಂಗೆ ಏನೂ ಬಂದಿಲ್ಲಪ್ಪ, ಬಿದ್ದೆ ಅಷ್ಟೆ" ಎಂದು ಬೇಡಿಕೊಂಡರೂ ಬಿಡಲಿಲ್ಲ. ರಾಯರು ಕೀ ಕಿತ್ತು ಜೇಬಿಗೆ ಹಾಕಿಕೊಂಡು, "ಫಿಟ್ಸ್ ಬಂದವರಿಗೂ ಕಬ್ಬಿಣ ಕೊಡಬಾರದಪ್ಪ, ಪಕ್ಕಕ್ಕೆ ಮಲಗಿಸಿ ಕಾಯಬೇಕು ಅಷ್ಟೆ" ಎಂದು ಪಾಠ ಮಾಡಿದರು. ಆ ಹುಡುಗ ಗಾಡಿ ತಳ್ಳಿಕೊಂಡು ಎಷ್ಟು ದೂರ ಹೋದನೋ. ಕೀ ಇನ್ನೂ ರಾಯರ ಮೇಜಿನ ಡ್ರಾಯರಿನಲ್ಲಿದೆ.

ಆಗ ಯಾರೋ ಚೀರಿದರು: "ಅಯ್ಯೋ ರಕ್ತ! ಎಷ್ಟು ಹೋಗಿದೆ ನೋಡ್ರೀ!" ಬಿದ್ದವರ ಅಂಗಿಯ ಬಲಗಡೆ, ಪ್ಯಾಂಟು, ಮರಳು ಎಲ್ಲ ಕಡುಕೆಂಪು. ನನ್ನ ಕೈಕಾಲು ತಣ್ಣಗಾದವು. ಗುಂಪು ಒಂದೇ ಸಲ "ಶಿವ ಶಿವಾ" ಅಂದಿತು. ರಾಯರು ಮಂಡಿಯೂರಿ ಕೂತು, ಕನ್ನಡಕ ಹಣೆಗೇರಿಸಿ, ಆ ಕೆಂಪನ್ನು ಬೆರಳಿನಿಂದ ಒಂದಿಷ್ಟು ತೆಗೆದು ಕಣ್ಣ ಹತ್ತಿರ ಹಿಡಿದರು. ಮೂಸಿದರು.

"ರಕ್ತಕ್ಕೆ ಸಾಸಿವೆ ಒಗ್ಗರಣೆ ಹಾಕಲ್ಲ ಸ್ವಾಮಿ" ಎಂದರು. "ಬೀಟ್‌ರೂಟ್ ಪಲ್ಯ. ಕಾಯಿತುರಿ ಸ್ವಲ್ಪ ಜಾಸ್ತೀನೇ ಬಿದ್ದಿದೆ."

ಪಕ್ಕದಲ್ಲಿ ಮೂರು ಅಂತಸ್ತಿನ ಟಿಫಿನ್ ಕ್ಯಾರಿಯರ್ ಉರುಳಿಬಿದ್ದಿತ್ತು. ಮೇಲಿನ ಡಬ್ಬಿ ಬಾಯಿ ತೆರೆದಿತ್ತು. ಚಿತ್ರೀಕರಣದವರು ಮೊಬೈಲ್ ಜೇಬಿಗಿಟ್ಟುಕೊಂಡು ಹೊರಟುಹೋದರು. ಗುಂಪು ಅರ್ಧ ಕರಗಿತು. ಮೋಸ ಹೋದ ಮುಖದಲ್ಲಿ ಹೋದರು ಎಲ್ಲರೂ.

ಪೆಟ್ಟು ನಿಜವಾಗಿ ಬಿದ್ದದ್ದು ಭುಜಕ್ಕೆ. ಕೈ ಎತ್ತಲು ಆಗುತ್ತಿರಲಿಲ್ಲ. ರಾಯರು ಹೆಲ್ಮೆಟ್ಟಿಗೆ ಕೈ ಹಾಕಲಿಲ್ಲ, ಹಾಕಲು ಬಂದವರನ್ನೂ ಗದರಿದರು. ಮೊದಲು ಕತ್ತು ನೋವಿದೆಯೇ, ಕಾಲ್ಬೆರಳು ಆಡುತ್ತವೆಯೇ ಎಂದು ಕೇಳಿ, ಆಮೇಲೆ ಅದು ತಲೆಯ ಮೇಲ್ಭಾಗ ಮಾತ್ರ ಮುಚ್ಚುವ ಅರ್ಧ ಹೆಲ್ಮೆಟ್ ಎಂದು ಗೊತ್ತಾಗಿ, "ಇದು ಹೆಲ್ಮೆಟ್ ಅಲ್ಲ ಯಜಮಾನ್ರೇ, ಇಡ್ಲಿ ತಟ್ಟೆ" ಎಂದು ಶುರು ಹಚ್ಚಿಕೊಂಡರು. ಐ.ಎಸ್.ಐ. ಗುರುತಿನಿಂದ ಹಿಡಿದು ಗಲ್ಲದ ಪಟ್ಟಿಯವರೆಗೆ ಐದು ನಿಮಿಷ. ನರಳುತ್ತಿರುವ ಮನುಷ್ಯನಿಗೆ ಉಪನ್ಯಾಸ ಕೊಡುವುದು ರಾಯರ ದೊಡ್ಡ ಕೆಟ್ಟ ಚಾಳಿ. ಆದರೆ ಬಾಯಿ ಅದನ್ನು ಹೇಳುತ್ತಿರುವಾಗಲೇ ಅವರ ಕೈ ಪಂಚೆಯ ಪಟ್ಟಿಯಿಂದ ಜೋಳಿಗೆ ಮಾಡಿ ಆ ತೋಳನ್ನು ಎದೆಗೆ ಒರಗಿಸಿ ಕಟ್ಟಿ ಮುಗಿಸಿತ್ತು. ಗಂಟು ಕತ್ತಿನ ಹಿಂದೆ ಬರದೆ ಪಕ್ಕಕ್ಕೆ ಬರುವಂತೆ, ಒತ್ತದಂತೆ, ಕೆಳಗೊಂದು ಮಡಚಿದ ಕರ್ಚೀಫ್.

108ಕ್ಕೆ ಫೋನ್ ಮಾಡುವ ಕೆಲಸ ನನಗೆ ಬಿತ್ತು. ಅತ್ತ ಕಡೆಯ ಹುಡುಗಿ ಸಾವಧಾನವಾಗಿ ಕೇಳಿದಳು: "ಯಾವ ತಾಲ್ಲೂಕು ಸರ್?" ಮೂವತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ನನಗೆ ಪಿನ್‌ಕೋಡ್ ಗೊತ್ತು, ವಾರ್ಡ್ ಗೊತ್ತು, ಮೆಟ್ರೋ ಪಿಲ್ಲರ್ ನಂಬರ್ ಗೊತ್ತು. ನಾನೊಂದು ತಾಲ್ಲೂಕಿನಲ್ಲಿದ್ದೇನೆ ಎಂಬುದು ಹೊಳೆದೇ ಇರಲಿಲ್ಲ. ರಾಯರು ಗಂಟು ಬಿಗಿಯುತ್ತಲೇ ಕೂಗಿದರು: "ಬೆಂಗಳೂರು ಉತ್ತರ ತಾಲ್ಲೂಕು, ಯಶವಂತಪುರ ಹೋಬಳಿ! ಸರ್ವೆ ನಂಬರ್ ಬೇಕಾ ಕೇಳಿ!"

ಆಗ ಬಿದ್ದವರ ಮೊಬೈಲ್ ರಿಂಗಾಯಿತು. ಪರದೆಯ ಮೇಲೆ 'ಮನೆ' ಎಂದು ಬಂತು. ಅಷ್ಟು ಹೊತ್ತು ಗಲಗಲ ಅನ್ನುತ್ತಿದ್ದ ರಾಯರು ಸುಮ್ಮನಾದರು. ಒಂದು ರಿಂಗ್ ಬಿಟ್ಟರು. ಗಂಟಲು ಸರಿಮಾಡಿಕೊಂಡರು. "ಇದೇ ಕಷ್ಟದ್ದು" ಎಂದು ನನ್ನ ಕಿವಿಯಲ್ಲಿ ಹೇಳಿದರು. "ಅಪರಿಚಿತ ದನಿ ಕೇಳಿದ ಕೂಡ್ಲೆ ಅಲ್ಲಿ ಕಾಲು ಕುಸಿಯುತ್ತೆ. ಏನೇ ಇರ್ಲಿ, ಮೊದಲು ಅವರ ದನೀನೇ ಹೋಗ್ಬೇಕು." ಫೋನನ್ನು ಬಿದ್ದವರ ಕಿವಿಗೆ ಹಿಡಿದು, "ಮಾತಾಡಿ ಯಜಮಾನ್ರೇ, ಏನಾದ್ರೂ ಒಂದು ಮಾತಾಡಿ" ಎಂದರು.

ಅವರು ಉಗುಳು ನುಂಗಿ ಹೇಳಿದ ಒಂದು ಮಾತು: "ಡಬ್ಬಿ ಬಿದ್ದೋಯ್ತು ಕಣೇ."

ಸ್ಪೀಕರ್ ಹಾಕದಿದ್ದರೂ ಅತ್ತಲಿನ ದನಿ ನಮಗೆಲ್ಲ ಕೇಳಿಸಿತು. "ಯಾವ್ದು, ಅಮ್ಮನ ಡಬ್ಬೀನಾ?" ಆಮೇಲೆ ಬಂದ ಬೈಗುಳ ಕೇಳಿ ರಾಯರ ಮುಖ ಅರಳಿತು. ಬೈಯುವಷ್ಟು ಧೈರ್ಯ ಬಂದ ಮೇಲೆ ಫೋನ್ ತಾವು ತೆಗೆದುಕೊಂಡು, ತಾಯಿ, ಭುಜಕ್ಕೆ ಸ್ವಲ್ಪ ಏಟಾಗಿದೆ, ನಾವಿದ್ದೀವಿ, ನಿಧಾನವಾಗಿ ಬನ್ನಿ, ಗಾಡೀಲಿ ಬರಬೇಡಿ, ಆಟೋದಲ್ಲಿ ಬನ್ನಿ ಎಂದು ಹೇಳಿದರು.

ಆಂಬುಲೆನ್ಸ್ ಬಂತು, ಹತ್ತಿರದ ಆಸ್ಪತ್ರೆಯೊಂದಕ್ಕೆ ಹೋಯಿತು. ಹಿಂದೆ ಸ್ಕೂಟರಿನಲ್ಲಿ ನಾವು. ನನ್ನ ತೊಡೆಯ ಮೇಲೆ ಡಬ್ಬಿ. ಕೌಂಟರಿನಲ್ಲಿ, "ನೀವು ಪೇಷೆಂಟ್‌ಗೆ ಏನಾಗ್ಬೇಕು?" ಎಂದದ್ದೇ ತಡ, ರಾಯರು ಲ್ಯಾಮಿನೇಟೆಡ್ ಕಾಗದ ತೆಗೆದು, ಕರೆತಂದವರು ಹೆಸರು ವಿಳಾಸ ಹೇಳುವಂತೆ ಯಾರೂ ಒತ್ತಾಯಿಸುವಂತಿಲ್ಲ ಎಂದು ಓದಿದರು. ಆ ಹುಡುಗಿ, "ಸರಿ ಸರ್, ಬೇಡ ಬಿಡಿ" ಎಂದಳು. ರಾಯರ ಮುಖ ಸಪ್ಪಗಾಯಿತು. "ಒತ್ತಾಯ ಇಲ್ಲ ಅಂದೆ ಅಷ್ಟೆ, ಬರ್ಕೊಳ್ಳಿ" ಎಂದು ಹೆಸರು, ಇನಿಷಿಯಲ್, ಹುದ್ದೆ, ಶಾಖೆ, ನಿವೃತ್ತಿಯ ತಾರೀಖಿನವರೆಗೆ ಬರೆಸಿದರು.

ಮುಂಗಡದ ಮಾತು ಬಂದಾಗ ಇನ್ನೊಂದು ಕಾಗದ ಹೊರಬಂತು. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ, ಪ್ರಾಣ ಹೋಗುವ ಹೊತ್ತಿನಲ್ಲೂ ಅಂಗಾಂಗ ದಾನ ಮಾಡಿ ಎಂದನಲ್ಲ ಗುಬ್ಬಿ ತಾಲ್ಲೂಕಿನ ಹರೀಶ್, ಅವನ ಹೆಸರಿನಲ್ಲಿ ಸರ್ಕಾರ ಮಾಡಿದ ಯೋಜನೆಯ ಆದೇಶ: ಅಪಘಾತದ ಮೊದಲ 48 ಗಂಟೆ, 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. ಬೇರೆಲ್ಲ ಕಾಗದವನ್ನು ಪಟಪಟನೆ ಓದುವ ರಾಯರು ಇದನ್ನು ಓದಲಿಲ್ಲ, ಮೇಜಿನ ಮೇಲೆ ಸುಮ್ಮನೆ ಇಟ್ಟರು. ಅದರ ಮೂಲೆಗಳು ಸವೆದಿದ್ದವು. ಅವರ ಬಗ್ಗೆ ತಮಾಷೆ ಮಾಡುವ ನಾವ್ಯಾರೂ ಆ ಕಾಗದದ ಬಗ್ಗೆ ಮಾಡಿಲ್ಲ.

ಅದೂ ಬೇಕಾಗಲಿಲ್ಲ ಅನ್ನಿ. ಯಜಮಾನರು ಪೀಣ್ಯದಲ್ಲಿ ಲೇತ್ ಓಡಿಸುವವರು, ಜೇಬಿನಲ್ಲಿ ಇ.ಎಸ್.ಐ. ಕಾರ್ಡ್ ಇತ್ತು. ಅಲ್ಲಿ ಎಕ್ಸ್‌ರೇ, ಕಟ್ಟು ಆಯಿತು. ಆಮೇಲೆ ಭಾವಮೈದುನ ಬಂದು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಕರೆದುಕೊಂಡು ಹೋದ. ಗಲಾಟೆಯಲ್ಲಿ ಡಬ್ಬಿ ನನ್ನ ಕೈಯಲ್ಲೇ ಉಳಿಯಿತು. ನಾವು ಕಚೇರಿ ಮುಟ್ಟಿದಾಗ ಒಂದೂಕಾಲು. ಮಾರನೆಯ ವಾರದವರೆಗೂ ರಾಯರು ಈ ಕತೆ ಹೇಳಿದರು. ಮೊದಲ ದಿನ ಒಂದು ಬಸ್ಸು ನಿಲ್ಲಿಸಿದ್ದರು, ಶುಕ್ರವಾರಕ್ಕೆ ಅದು ನಾಲ್ಕು ಬಸ್ಸು, ಒಂದು ಕಾಂಕ್ರೀಟ್ ಮಿಕ್ಸರ್ ಆಗಿತ್ತು.

ಡಬ್ಬಿಯನ್ನು ಅವತ್ತು ರಾತ್ರಿ ನನ್ನ ಹೆಂಡತಿ ತೊಳೆದಳು. ಗಟ್ಟಿ ಸ್ಟೀಲು, ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಂಗಸಿನ ಹೆಸರು, ಕೆಳಗೆ ಗೃಹಪ್ರವೇಶದ ತಾರೀಖು. ಬದಿಯಲ್ಲಿ ಹೊಸದಾಗಿ ಒಂದು ನೆಗ್ಗು. ಬೆಳಿಗ್ಗೆ ಎತ್ತಿಕೊಂಡು ಹೊರಟವನನ್ನು, "ಖಾಲಿ ಡಬ್ಬಿ ವಾಪಸ್ ಕೊಡ್ತಾರಾ ಯಾರಾದ್ರೂ?" ಎಂದು ಬಾಗಿಲಲ್ಲೇ ನಿಲ್ಲಿಸಿ, ಮೂರು ಅಂತಸ್ತಿಗೂ ಕೊಬ್ಬರಿ ಮಿಠಾಯಿ ತುಂಬಿದಳು. ಅದು ಆರಬೇಕು, ಕತ್ತರಿಸಬೇಕು. ಅರ್ಧ ಗಂಟೆ ಹೋಯಿತು. ಹೆಗ್ಗನಹಳ್ಳಿಯಲ್ಲಿ ಅವರ ಮನೆ ಹುಡುಕಲು ಮುಕ್ಕಾಲು ಗಂಟೆ. ಆ ತಾಯಿ ಕಾಫಿ ಕುಡಿಯದೆ ಬಿಡಲಿಲ್ಲ, ಕಾಫಿಯ ಜೊತೆ ಉಪ್ಪಿಟ್ಟು.

ಕಚೇರಿಗೆ ಬಂದಾಗ ಹನ್ನೊಂದೂವರೆ. ನೂರೆಂಟು ರಾಯರು ಅವತ್ತು ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದು ಕೂತಿದ್ದರು. ಮೇಡಂ ನನ್ನ ಮುಂದೆ ಬಿಳಿ ಹಾಳೆ ಇಟ್ಟರು. ರಾಯರು ಎದ್ದು ಬಂದು ಹಾಳೆಯ ಎಡ ಅಂಚು ಮಡಚಿಕೊಟ್ಟು, ಬಹಳ ಹೊತ್ತು ಯೋಚಿಸಿದರು.

"ಡಬ್ಬಿ ವಾಪಸ್ ಕೊಡೋದು 134ಎ ಒಳಗೆ ಬರಲ್ಲ ಸ್ವಾಮಿ" ಎಂದರು ಕೊನೆಗೆ. "ಉಲ್ಲೇಖ ಖಾಲಿ ಬಿಡಿ. ವಿಷಯ ಮಾತ್ರ ಬರೀರಿ."

ಬರೆದೆ. ವಿಷಯ: ಬೀಟ್‌ರೂಟ್ ಪಲ್ಯದ ಡಬ್ಬಿ ಹಿಂದಿರುಗಿಸಿದ ಬಗ್ಗೆ.